ಒಂದೇ ಕೆಲಸ, ಎರಡು ಟ್ಯಾಗು

ಮೊನ್ನೆ ಮಾರಿಕುಪ್ಪಂ ರೈಲಲ್ಲಿ ನನ್ನೆದುರು ಇಬ್ಬರು ಕೂತಿದ್ದರು. ಬೆಂಗಳೂರಿನ ಒಂದೇ ಸರ್ಕಾರಿ ಕಚೇರಿ, ಇಬ್ಬರದೂ ಕಂಪ್ಯೂಟರ್ ಕೆಲಸವೇ. ಒಬ್ಬರ ಕೊರಳಲ್ಲಿ ಇಲಾಖೆಯ ಐಡಿ ಕಾರ್ಡು. ಇನ್ನೊಬ್ಬರ ಕಾರ್ಡಿನಲ್ಲಿ ಏಜೆನ್ಸಿ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ 'ಮಾರ್ಚ್ 31ರವರೆಗೆ'. ಪರ್ಮನೆಂಟಿನವರು ಡಿಎ ಎಷ್ಟು ಏರಬಹುದು ಅಂತ ಲೆಕ್ಕ ಹಾಕ್ತಿದ್ದರೆ, ಗುತ್ತಿಗೆಯವರಿಗೆ ಈ ಸಲ ಟೆಂಡರ್ ಯಾರಿಗಾಗುತ್ತೋ ಅನ್ನೋ ಚಿಂತೆ. ಹನ್ನೊಂದು ವರ್ಷದಿಂದ ಕುರ್ಚಿ ಅದೇ ಅಂತೆ, ಏಜೆನ್ಸಿ ಮಾತ್ರ ನಾಲ್ಕನೆಯದು.

ಮಾರಿಕುಪ್ಪಂ ಇರುವ ಚಿನ್ನದ ಗಣಿಯೂರು ಕೆಜಿಎಫ್‌ಗೆ ಈ ಗುತ್ತಿಗೆ ದುಡಿಮೆ ಏನೂ ಹೊಸದಲ್ಲ. ಇಲ್ಲಿ ಗಣಿಗಾರಿಕೆ ನಡೆಸಿದ ಜಾನ್ ಟೇಲರ್ ಕಂಪನಿ ಕಾಲದಲ್ಲೂ ಗಣಿಗೆ ಇಳಿಯುತ್ತಿದ್ದ ಎಷ್ಟೋ ಜನ ಕಂಟ್ರಾಕ್ಟರನ ಕೈಕೆಳಗಿನವರೇ. ಇನ್ನು ಸರ್ಕಾರಿ ಕೆಲಸದ ಮಾತಿಗೆ ಬಂದರೆ, ತಾತ್ಕಾಲಿಕವಾಗಿ ಎಷ್ಟು ವರ್ಷ ದುಡಿದರೂ ಕಾಯಂ ಆಗೋದು ಹಕ್ಕಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟು ಉಮಾದೇವಿ ಪ್ರಕರಣದಲ್ಲಿ ಹೇಳಿತು. ಅದೂ ಕರ್ನಾಟಕದ್ದೇ ಕೇಸು. ಹಿಂಬಾಗಿಲ ನೇಮಕಾತಿ ಬೇಡ ಅನ್ನೋ ಮಾತು ಸರಿಯೇ. ಆದರೆ ಆ ಬಾಗಿಲು ತೆಗೆದು ಒಳಗೆ ಕರೆದವರು ಯಾರು ಸ್ವಾಮಿ?

ಹಾಗಂತ ಪರ್ಮನೆಂಟ್ ಅಂದರೆ ಕಲ್ಲಿನ ಮೇಲಿನ ಬರಹ ಅನ್ನೋಕೂ ಈ ಊರಲ್ಲಿ ಬಾಯಿ ಬರಲ್ಲ. ಆಮೇಲೆ ಇಲ್ಲಿನ ಗಣಿಗಳನ್ನು ನಡೆಸಿದ ಬಿಜಿಎಂಎಲ್ ಕೇಂದ್ರ ಸರ್ಕಾರದ್ದೇ ಕಂಪನಿ. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಅಲ್ಲಿ ಕಾಯಂ ಆಗಿದ್ದವರ ಮಕ್ಕಳು ಎಷ್ಟೋ ಜನ ಈಗ ದಿನಾ ಇದೇ ರೈಲಿಗೆ ಓಡಿ ಬರ್ತಾರೆ.

ಬಂಗಾರಪೇಟೆ ದಾಟಿದ ಮೇಲೆ ನನ್ನೆದುರಿನ ಇಬ್ಬರೂ ಡಬ್ಬಿ ಬಿಚ್ಚಿದರು. ಗುತ್ತಿಗೆಯವರ ಮನೆ ಚಿತ್ರಾನ್ನ ಚೆನ್ನಾಗಿತ್ತೇನೋ, ಪರ್ಮನೆಂಟಿನವರು ಎರಡನೇ ಸಲ ಕೈ ಹಾಕಿದರು.