ಹಗುರ ಕಾರಿಗೆ ಬೈಕಿನ ಎಂಜಿನ್

ಈ ಸಲ ಹುಣಿಸೆ ಮಂಡಿಯ ವಿಷಯ ಬಿಟ್ಟು ಎಂಜಿನ್ನಿನ ವಿಷಯ ಬರೆಯುತ್ತಿದ್ದೇವೆ. ಮೆಟ್ರಿಕ್ ಮುಗಿಸಿ ತಕ್ಕಡಿ ಹಿಡಿದವರಿಗೆ ಇದೆಲ್ಲ ಯಾಕೆ ಎಂದು ಓದುಗ ಬಂಧುಗಳು ಕೇಳಬಹುದು. ನಮ್ಮ ಮಗಳ ಮಗ ಕೊಯಮತ್ತೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ. 2023ರಲ್ಲಿ ಅವನೂ ಅವನ ಸ್ನೇಹಿತರೂ ಸೇರಿ, ಕಾಲೇಜು ಹುಡುಗರಿಗಾಗಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ಒಬ್ಬರೇ ಕೂರುವ ಕಾರು ಕಟ್ಟಲು ಹೊರಟರು. ಕಬ್ಬಿಣದ ಕೊಳವೆ, ಚಕ್ರ, ಸೀಟು ಇವಕ್ಕೆಲ್ಲ ತಾವೇ ಹಣ ಕೂಡಿಸಿದ್ದರು. ಎಂಜಿನ್ನಿಗೆ ಮಾತ್ರ ಕಂಬೈನಲ್ಲೂರಿನ ತಾತನ ಗಲ್ಲಾಪೆಟ್ಟಿಗೆ ನೆನಪಾಯಿತು! ಹಣ ಕೊಡುವವರಿಗೆ ಸರಕು ತಿಳಿದಿರಬೇಕಲ್ಲವೆ? ಅವನನ್ನು ಎರಡು ದಿನ ಅಂಗಡಿಯಲ್ಲೇ ಕೂರಿಸಿಕೊಂಡು ಎಲ್ಲ ಕೇಳಿದೆವು.

ಬೈಕಿನ ಎಂಜಿನ್ ನಾಲ್ಕು ಚಕ್ರದ ಗಾಡಿಯನ್ನು ಎಳೆದೀತೆ ಎಂಬುದು ಮನೆಯವರೆಲ್ಲರ ಅನುಮಾನ. ಹಿಂದೆ ಗಿರ್ನಾರ್ ಯಾತ್ರೆಗೆ ಹೋದಾಗ ಜುನಾಗಢದಲ್ಲಿ ಛಕಡಾ ಎಂಬ ಗಾಡಿಗಳನ್ನು ಕಂಡಿದ್ದೆವು. ಮುಂದೆ ಬುಲೆಟ್ ಮೋಟಾರ್ ಸೈಕಲ್, ಹಿಂದೆ ಮರದ ಗಾಡಿ, ಅದರ ತುಂಬ ಜನ, ಮೂಟೆ. ಆದ್ದರಿಂದ ನಮಗೆ ಅಷ್ಟು ಆಶ್ಚರ್ಯವಾಗಲಿಲ್ಲ. ಮೊಮ್ಮಗ ಕೊಟ್ಟ ಲೆಕ್ಕವೂ ಸರಿಯಾಗಿತ್ತು. ಕಾರು, ಓಡಿಸುವವನು ಸೇರಿ 300 ಕಿಲೋ. 150 ಕಿಲೋ ಬೈಕಿನ ಮೇಲೆ ಇಬ್ಬರು ಕೂತರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದಲ್ಲ!

ನಮಗೆ ಬುಲೆಟ್ ಮೇಲೆ ಮಮತೆ. "ರಾಯಲ್ ಎನ್‌ಫೀಲ್ಡ್ 500 ಹಾಕಪ್ಪ, ಎಳೆತಕ್ಕೆ ಅದನ್ನು ಮೀರಿಸಿದ್ದಿಲ್ಲ" ಎಂದೆವು. "ಎಳೆತವಿದೆ ತಾತ, ಆದರೆ 499 ಸಿಸಿಗೆ 27 ಕುದುರೆಶಕ್ತಿ. ತೂಕ ಹೆಚ್ಚು. ಅದು ಗಾಳಿಯಿಂದ ತಣ್ಣಗಾಗುವ ಎಂಜಿನ್. ನಮ್ಮ ಕಾರಿನಲ್ಲಿ ಸೀಟಿನ ಹಿಂದೆ ಕೂರುತ್ತದೆ, ಅಲ್ಲಿ ಗಾಳಿ ಎಲ್ಲಿ?" ಎಂದ. ಆಗಿನ ಕೆಟಿಎಂ 390 ಎಂಜಿನ್ 373 ಸಿಸಿ, ಶಕ್ತಿ ಸುಮಾರು 43, ನೀರಿನಿಂದ ತಣ್ಣಗಾಗುವಂಥದು, ಆರು ಗೇರು. ಈ ಬೈಕು 2013ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂತು. ಪುಣೆ ಹತ್ತಿರದ ಚಾಕಣದ ಬಜಾಜ್ ಕಾರ್ಖಾನೆಯಲ್ಲೇ ತಯಾರು. ಬಿಡಿಭಾಗ ಸೇಲಂನಲ್ಲೇ ಸಿಗುತ್ತದೆ.

ಅವನ ಸ್ನೇಹಿತರಲ್ಲಿ ಕೆಲವರಿಗೆ ಹೋಂಡಾದ 600 ಸಿಸಿ, ನಾಲ್ಕು ಸಿಲಿಂಡರ್ ಎಂಜಿನ್ನಿನ ಆಸೆ. ಶಕ್ತಿ ನೂರಕ್ಕೂ ಮೇಲೆ. 710 ಸಿಸಿ ತನಕ ಹಾಕಲು ಸ್ಪರ್ಧೆಯ ನಿಯಮದಲ್ಲಿ ಅವಕಾಶವೂ ಇತ್ತು. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ: ಪೆಟ್ರೋಲ್ ಎಂಜಿನ್ ಎಳೆದುಕೊಳ್ಳುವ ಗಾಳಿಯೆಲ್ಲ 20 ಮಿಲಿಮೀಟರ್ ತೂತಿನಲ್ಲೇ ಹೋಗಬೇಕು. ಎಣ್ಣೆ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಬ್ಬ ಎಷ್ಟು ದೊಡ್ಡದಾದರೇನು, ಲಾಳಿಕೆಯ ಬಾಯಿ ಒಂದೇ ಅಲ್ಲವೆ! ದೊಡ್ಡ ಎಂಜಿನ್ನಿಗೆ ದುಡ್ಡು ಸುರಿದು ಅದರ ಉಸಿರು ಕಟ್ಟುವುದು ನಮಗೆ ಹಿಡಿಸಲಿಲ್ಲ. 390 ಎಂದು ತೀರ್ಮಾನವಾಯಿತು.

ಅವನು ಹೇಳಿದ್ದರಲ್ಲಿ ನಮಗೆ ಬಹಳ ಹಿಡಿಸಿದ್ದು ಎಂಜಿನ್ ಆಯಿಲಿನ ವಿಷಯ. ಬೈಕು ತಿರುವಿನಲ್ಲಿ ವಾಲುತ್ತದೆ, ಅದರೊಡನೆ ಎಂಜಿನ್ನೂ ವಾಲುತ್ತದೆ, ಆಯಿಲ್ ತಳದಲ್ಲೇ ನಿಲ್ಲುತ್ತದೆ. ಕಾರು ಹಾಗೆ ವಾಲುವುದಿಲ್ಲ. ವೇಗದಲ್ಲಿ ತಿರುಗಿದರೆ ಆಯಿಲೆಲ್ಲ ಒಂದು ಪಕ್ಕಕ್ಕೆ ನುಗ್ಗಿ, ಪಂಪು ಬರೀ ಗಾಳಿ ಹೀರುತ್ತದೆ. ಎಂಜಿನ್ ಒಣಗಿ ಹಾಳಾಗುತ್ತದೆ. ಅದಕ್ಕೆ ತಳದ ಪಾತ್ರೆಯೊಳಗೆ ಅಡ್ಡ ತಗಡು ಬೆಸೆಯಬೇಕಂತೆ. ತುಂಬಿದ ಕೊಡ ಹೊತ್ತು ಓಡಿದವರಿಗೆ ಇದು ತಿಳಿದದ್ದೇ. ಬೈಕಿಗೆ ರಿವರ್ಸ್ ಗೇರಿಲ್ಲವಲ್ಲ ಎಂದೂ ಕೇಳಿದೆವು. ಸ್ಪರ್ಧೆಗೆ ಅದು ಬೇಡವಂತೆ, ತಳ್ಳಿದರಾಯಿತು.

ಇಷ್ಟಾದ ಮೇಲೆ ಖರೀದಿ. ನಮ್ಮ ಕಡೆಯ ಹಳೇ ಸಾಮಾನಿನ ವ್ಯಾಪಾರಿ ಒಬ್ಬರು ಬರೀ ಎಂಜಿನ್ ತೋರಿಸಿದರು. ಬೆಲೆ ಅರ್ಧಕ್ಕರ್ಧ. ಬಗ್ಗಿ ನೋಡಿದರೆ ನಂಬರ್ ಉಜ್ಜಿದ ಗುರುತು! ಆರ್.ಸಿ. ಇಲ್ಲ, ಬಿಲ್ಲಿಲ್ಲ. "ಕಾಲೇಜು ಹುಡುಗರು ಆಟಕ್ಕೆ ತಾನೆ, ಯಾರು ಕೇಳುತ್ತಾರೆ?" ಎಂದರು. ಯಾರ ಮನೆಯ ಬೈಕು ಕಳುವಾಗಿ ಇದು ಇಲ್ಲಿಗೆ ಬಂತೋ! ನಾವು ಎದ್ದು ಬಂದೆವು. ಹುಡುಗರ ಮುಖ ಸಣ್ಣದಾಯಿತು, ದಿನ ಕಡಿಮೆ ಇತ್ತು. ಮೊಮ್ಮಗ ಎರಡು ದಿನ ಫೋನ್ ಮಾಡಲಿಲ್ಲ. ಮಗಳು ಕೂಡ, "ಅಪ್ಪ, ಅವನ ವರ್ಷ ಹಾಳಾಗುತ್ತದೆ" ಎಂದಳು. ಮೂರು ವಾರ ಹುಡುಕಿದ ಮೇಲೆ, ಅಪಘಾತವಾಗಿ ವಿಮೆ ತೀರಿದ ಇಡೀ ಬೈಕು ಕಾಗದಪತ್ರ ಸಹಿತ ಸಿಕ್ಕಿತು. ಬೆಲೆ ಹೆಚ್ಚಾದರೂ ವೈರಿಂಗ್, ರೇಡಿಯೇಟರ್, ಪೆಟ್ರೋಲ್ ಪಂಪು, ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆ ಎಲ್ಲ ಜೊತೆಗೇ ಬಂದವು. ಬಿಡಿಯಾಗಿ ಕೊಂಡಿದ್ದರೆ ಲೆಕ್ಕ ಎಲ್ಲಿಗೆ ಹೋಗುತ್ತಿತ್ತೋ!

ಈ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಂತೆ ನೋಂದಣಿ ಇಲ್ಲದ ಗಾಡಿ ಸಾರ್ವಜನಿಕ ರಸ್ತೆಯಲ್ಲಿ ಓಡಬಾರದು. ಅದು ಓಡುವುದು ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ಮಾತ್ರ. ಮಾರುತಿ 800ರ ಎಂಜಿನ್ ಇಟ್ಟು ಸಣ್ಣ ರೇಸ್ ಕಾರು ಕಟ್ಟಿ, 1995ರಲ್ಲಿ ತೀರಿಕೊಂಡ ಕರಿವರ್ಧನ್ ಅವರ ಹೆಸರು ಆ ಟ್ರ್ಯಾಕಿಗೆ. ಮನೆಯವರ ಹೆದರಿಕೆ ಇದನ್ನು ಕೇಳಿ ಸ್ವಲ್ಪ ತಗ್ಗಿತು.

ಎಂಜಿನ್ ಬಿಚ್ಚಿದ ದಿನ ಮಂಡಿಯ ತಕ್ಕಡಿಗೆ ಏರಿಸಿದೆವು. 40 ಕಿಲೋ ಒಳಗೇ ಬಂತು. ಮೊಮ್ಮಗ ತೂಕ ಬರೆದುಕೊಂಡು, ಗೋಣಿಯಲ್ಲಿ ಸುತ್ತಿ, ಟಾಟಾ ಏಸಿನಲ್ಲಿ ಕೊಯಮತ್ತೂರಿಗೆ ಸಾಗಿಸಿದ. ಬಿಲ್ಲಿನ ಜೆರಾಕ್ಸ್ ಒಂದನ್ನು ನಾವು ಅಂಗಡಿಯ ಫೈಲಿನಲ್ಲಿ ಇಟ್ಟುಕೊಂಡಿದ್ದೇವೆ.