ಮಣ್ಣು ಮುಟ್ಟದ ಅರ್ತ್

ಮಲೆನಾಡಿನ ಕಡೆ ಹಳೆಯ ವ್ಯಾನ್ ಎಂದರೆ ಮನೆಯಲ್ಲಿ ಇನ್ನೊಂದು ಆಳು ಇದ್ದ ಹಾಗೆ. ಅಡಿಕೆ ಮೂಟೆ ಸಾಗುವುದು ಅದರಲ್ಲೇ, ಹೆರಿಗೆ ನೋವು ಬಂದ ಸೊಸೆ ಆಸ್ಪತ್ರೆಗೆ ಹೋಗುವುದೂ ಅದರಲ್ಲೇ. 1984ರಲ್ಲಿ ಮಾರುತಿ ವ್ಯಾನ್ ಆಗಿ ಬಂದು ಆಮೇಲೆ ಓಮ್ನಿ ಎಂದು ಹೆಸರಾದ ಗಾಡಿಯ ತಯಾರಿಕೆ 2019ರಲ್ಲೇ ನಿಂತಿತು. ನಮ್ಮೂರ ಕಡೆ ಓಡಾಟ ಮಾತ್ರ ನಿಂತಿಲ್ಲ. ಯಾವ ವ್ಯಾನೇ ಆಗಲಿ, ವಯಸ್ಸಾದ ಮೇಲೆ ಹೇಳದೆ ಕೇಳದೆ ಕೈಕೊಡುವುದು ವೈರಿಂಗು.

ಒಂದು ಆಷಾಢದ ಸಂಜೆ ನಮ್ಮ ವ್ಯಾನಿನಲ್ಲಿ ಆಗುಂಬೆ ಘಾಟಿ ಇಳಿಯುತ್ತಿದ್ದೆ. ಬ್ರೇಕ್ ಒತ್ತಿದರೆ ಹೆಡ್‌ಲೈಟ್ ಮಂಕಾಗುತ್ತಿತ್ತು. ಇಂಡಿಕೇಟರ್ ಹಾಕಿದರೆ ವೈಪರ್ ತೆವಳುತ್ತಿತ್ತು. ಒಂದು ತಿರುವಿನಲ್ಲಿ ಎರಡೂ ದೀಪ ಆರಿಹೋದವು. ಗಾಡಿ ಪಕ್ಕಕ್ಕೆ ಹಾಕಿ ಫ್ಯೂಸ್ ಒಂದೊಂದಾಗಿ ಕಿತ್ತು ನೋಡಿದೆ, ಒಂದೂ ಸುಟ್ಟಿರಲಿಲ್ಲ. ಹಿಂದೆ ಬಂದ ಜೀಪಿನವರು ಮುಂದೆ ಬೆಳಕು ಹಿಡಿದು, ನಿಧಾನಕ್ಕೆ ಹೆಬ್ರಿಯವರೆಗೆ ಕರೆದೊಯ್ದರು. ಆ ಉಪಕಾರ ಮರೆಯುವಂಥದ್ದಲ್ಲ.

ಅಲ್ಲಿನ ಎಲೆಕ್ಟ್ರಿಷಿಯನ್ ವಯಸ್ಸಾದವರು. ಎಲ್ಲ ಕೇಳಿಸಿಕೊಂಡು, “ಎಲ್ಲ ಒಟ್ಟಿಗೇ ಹೋದದ್ದಲ್ವಾ ಮಾರಾಯ್ರೆ? ಹಾಗಾದ್ರೆ ಒಂದೊಂದೇ ನೋಡ್ಲಿಕ್ಕಿಲ್ಲ, ಅರ್ತ್ ನೋಡ್ಬೇಕು” ಎಂದರು. ಬ್ಯಾಟರಿಯ ಮೈನಸ್ಸಿನಿಂದ ಬಾಡಿಗೆ ಒಂದು ದಪ್ಪ ವೈರ್ ಹಿಡಿದರು. ದೀಪ ಝಗ್ಗೆಂದಿತು!

ಅರ್ತ್ ಎಂದಾಗ ನನಗೆ ನೆನಪಾಗುವುದು ಅಜ್ಜನ ಮನೆ. ಮೀಟರ್ ಬೋರ್ಡಿನ ಹೊರಗೋಡೆಯ ಬುಡದಲ್ಲಿ ಇದ್ದಿಲು, ಉಪ್ಪು ತುಂಬಿದ ಗುಂಡಿ. ಬೇಸಿಗೆಯಲ್ಲಿ ಅದಕ್ಕೆ ಕೊಡ ನೀರು ಹೊಯ್ಯುವುದು ಮಕ್ಕಳ ಕೆಲಸ. ಒಣಮಣ್ಣು ಕರೆಂಟನ್ನು ಸರಿಯಾಗಿ ಒಯ್ಯುವುದಿಲ್ಲ, ಅದಕ್ಕೇ ನೀರು. ರಬ್ಬರ್ ಚಕ್ರದ ಮೇಲೆ ನಿಂತ ಗಾಡಿಗೆ ಮಣ್ಣೆಲ್ಲಿಯದು? ಅದಕ್ಕೆ ತಗಡಿನ ಬಾಡಿಯೇ ಭೂಮಿ. ದೀಪ, ಹಾರ್ನ್, ವೈಪರ್ ಎಲ್ಲದಕ್ಕೂ ಹೋಗುವ ದಾರಿ ಬೇರೆ ಬೇರೆ, ಬ್ಯಾಟರಿಗೆ ಮರಳುವ ದಾರಿ ಮಾತ್ರ ಒಂದೇ. ಅದು ಕಟ್ಟಿಕೊಂಡರೆ ಒಂದಕ್ಕೆ ಕರೆಂಟು ಹರಿದಾಗ ಉಳಿದವಕ್ಕೆ ಸಾಲದಾಗುತ್ತದೆ. ಬ್ರೇಕ್ ಒತ್ತಿದಾಗ ಹೆಡ್‌ಲೈಟ್ ಮಂಕಾಗುವುದು ಅದಕ್ಕೇ.

ಎಲೆಕ್ಟ್ರಿಷಿಯನ್ ಅರ್ತ್ ವೈರಿನ ಬೋಲ್ಟ್ ಬಿಚ್ಚಿದರು. ಅಡಿಯಲ್ಲಿ ತುಕ್ಕು, ತಾಮ್ರಕ್ಕೆ ಹಸಿರು ಕಿಲುಬು, ವೈರಿನಲ್ಲಿ ಉಳಿದದ್ದು ನಾಲ್ಕೈದು ಎಳೆ. ದೀಪ ಆರಿಸಿ ಮೀಟರ್ ಹಿಡಿದರೆ ಅಂಥ ವೈರೂ 12 ವೋಲ್ಟ್ ತೋರಿಸುತ್ತದೆ, ಪುಟ್ಟ ಟೆಸ್ಟ್ ಬಲ್ಬೂ ಉರಿಯುತ್ತದೆ. ನೋಡುವವರು ಮೋಸ ಹೋಗುವುದು ಇಲ್ಲೇ. ಎರಡು ಹೆಡ್‌ಲೈಟಿಗೆ 9 ಆಂಪಿಯರ್‌ನಷ್ಟು ಬೇಕು. ಅರ್ಧ ಓಮ್ ತಡೆ ಇದ್ದರೂ 3 ವೋಲ್ಟ್ ಅಲ್ಲೇ ಕರಗುತ್ತದೆ. ಆದ್ದರಿಂದ ಎಲ್ಲ ದೀಪ ಹಾಕಿಟ್ಟು, ಬ್ಯಾಟರಿಯ ಮೈನಸ್ಸಿಗೂ ಬಾಡಿಗೂ ನಡುವೆ ಮೀಟರ್ ಹಿಡಿಯಬೇಕು. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಳ್ಳ ಸಿಕ್ಕಿಬಿದ್ದ.

ಫ್ಯೂಸ್ ಪದೇಪದೇ ಹೋಗುವುದು ಬೇರೆಯದೇ ಕಾಯಿಲೆ. ಎಲ್ಲೋ ವೈರ್ ಸವೆದು ಬಾಡಿಗೆ ತಾಗುತ್ತಿರುತ್ತದೆ. ಸುಟ್ಟ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದ ಸುತ್ತುವವರನ್ನು ಕಂಡರೆ ನನಗೆ ನಿಜವಾಗಿ ಭಯ. ಆಗ ಸುಡುವುದು ಫ್ಯೂಸ್ ಅಲ್ಲ, ಗಾಡಿ.

ಮನೆಯಲ್ಲಿ ಹಳೆಯ ವ್ಯಾನ್ ಇದ್ದರೆ, ಮಳೆ ಹಿಡಿಯುವ ಮೊದಲು ಆ ಒಂದು ಬೋಲ್ಟ್ ಬಿಚ್ಚಿ, ಉಪ್ಪುಕಾಗದದಲ್ಲಿ ತಗಡು ಹೊಳೆಯುವಂತೆ ತಿಕ್ಕಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿಡಿ. ಅರ್ಧ ಗಂಟೆಯ ಕೆಲಸ.