ನೇರ ದಾರಿ

ನಾನು ಇಂಗ್ಲಿಷ್ ಸಾಹಿತ್ಯ ಓದಿ ಬಿ.ಎ. ಮಾಡಿದವಳು, ರೇಖಾಗಣಿತವೆಂದರೆ ಇಂದಿಗೂ ಎದೆ ನಡುಗುತ್ತದೆ. ಆದರೂ ಪುಣೆಯಲ್ಲೇ ಹುಟ್ಟಿ ಬೆಳೆದ ಕಿರಿಯ ಮಗನಿಗೆ ತ್ರಿಕೋನದ ಪಾಠ ಹೇಳಿಕೊಡುವ ಪ್ರಸಂಗ ಬಂತು.

ಕಸಬರಿಗೆ ಕಡ್ಡಿಗಳನ್ನು 3, 4, 8 ಅಂಗುಲಕ್ಕೆ ಮುರಿದು ಜೋಡಿಸಲು ಕುಳಿತೆವು. ತುದಿಗಳು ಕೂಡಲೇ ಇಲ್ಲ. 8ರ ಕಡ್ಡಿಯನ್ನು 6ಕ್ಕೆ ಮುರಿದೊಡನೆ ತ್ರಿಕೋನವಾಯಿತು. ಆ ಉದ್ದ ಕಡ್ಡಿಯ ಎದುರಿನ ಕೋನವೇ ಎಲ್ಲಕ್ಕಿಂತ ದೊಡ್ಡದು. ಯಾವ ಎರಡು ಬಾಹುಗಳನ್ನು ಕೂಡಿಸಿದರೂ ಮೂರನೆಯದಕ್ಕಿಂತ ಹೆಚ್ಚಾಗಲೇಬೇಕು. ಯೂಕ್ಲಿಡ್ ತನ್ನ ಗ್ರಂಥದ ಮೊದಲ ಭಾಗದ 20ನೆಯ ಪ್ರಮೇಯದಲ್ಲಿ ಇದನ್ನು ಸಾಧಿಸಿ ತೋರಿಸಿದ್ದಾನೆ. ಇದು ಕತ್ತೆಗೂ ಗೊತ್ತು, ಮೇವಿನತ್ತ ಅದು ನೇರವಾಗಿಯೇ ನಡೆಯುತ್ತದೆ ಎಂದು ಎಪಿಕ್ಯೂರಸ್‌ನ ಅನುಯಾಯಿಗಳು ನಕ್ಕರಂತೆ!

ಅಷ್ಟರಲ್ಲಿ ಧಾರವಾಡದಿಂದ ನನ್ನ ತಾಯಿಯ ಫೋನು. "ನೀನೇ ಮಾತಾಡಮ್ಮಾ" ಎಂದ ಮಗ, ಎಂದಿನಂತೆ. ಅವನಿಗೆ ಕನ್ನಡ ತಿಳಿಯುತ್ತದೆ, ಆಡಲು ನಾಚಿಕೆ. ಅಜ್ಜಿ ನನಗೆ ಹೇಳುವುದು, ನಾನು ಅವನಿಗೆ ಹೇಳುವುದು; ವರ್ಷಗಳಿಂದ ಎರಡು ಬಾಹು ಸುತ್ತಿ ಬರುವ ದಾರಿ. ಅದೇ ಸಲೀಸೆಂದು ರೂಢಿ ಮಾಡಿಸಿದವಳೂ ನಾನೇ.

ಅಂದು ಫೋನನ್ನು ಅವನ ಕೈಗಿತ್ತು ಅಡುಗೆಮನೆಗೆ ನಡೆದೆ.

"ಅಜ್ಜೀ... ಊಟ ಆತೇನು?" ಎಂದು ತಡವರಿಸಿದ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಅವನೇ ಗಾಬರಿಯಿಂದ ಕೂಗಿದ: "ಅಮ್ಮಾ, ಅಜ್ಜಿ ಅಳ್ತಿದಾಳೆ!"

ಮಕ್ಕಳೇ, ನಿಮ್ಮ ಕನ್ನಡ ತಪ್ಪಾದರೂ ಚಿಂತೆಯಿಲ್ಲ. ಅಜ್ಜಿಗೆ ನೀವೇ ಫೋನು ಮಾಡಿ.